ಮಕ್ಕಳ ರಕ್ತದ ಗುಂಪು ತಂದೆತಾಯಿಗಳಿಂದ ಬರುವ ಬಗೆ

ಪ್ರತಿ ವರ್ಷ ಶಾಲೆಯು ತೆರೆದ ಕೆಲವು ವಾರಗಳೊಳಗಾಗಿ ನಮ್ಮ ವಿದ್ಯಾರ್ಥಿನಿಯರಿಗೆ ಗುರುತಿನ ಚೀಟಿಗಳನ್ನು ಹಂಚುವ ಪದ್ಧತಿಯಿದೆ. ಆ ಚೀಟಿಯಲ್ಲಿ ಹುಡುಗಿಯ ಹೆಸರು, ತರಗತಿ, ತಂದೆತಾಯಿಗಳ ಹೆಸರು, ಮನೆಯ ವಿಳಾಸ ಇವುಗಳ ಕೆಳಗೆ ‘ರಕ್ತದ ಗುಂಪು’ ಎಂಬ ಸಣ್ಣದೊಂದು ಸಾಲು ಇರುತ್ತದೆ. ಈ ಶಾಲೆಯಲ್ಲಿ ಬಹಳ ಹಿಂದೆ ಓದಿಹೋದ ನಮ್ಮ ಹಿರಿಯ ಸೋದರಿಯರ ಕಾಲದಲ್ಲಿ ಇಂಥ ಚೀಟಿಯೂ ಇರಲಿಲ್ಲ, ಈ ಸಾಲೂ ಇರಲಿಲ್ಲ. ಈಗಲಾದರೋ ಪ್ರತಿಯೊಬ್ಬ ಹುಡುಗಿಯೂ ಈ ಒಂದೆರಡು ಅಕ್ಷರಗಳನ್ನು ಕೊರಳಿಗೆ ಹಾಕಿಕೊಂಡು ದಿನವೂ ಶಾಲೆಗೆ ಬರುತ್ತಾಳೆ. ಅಪಘಾತವೇನಾದರೂ ಸಂಭವಿಸಿದಲ್ಲಿ ಉಪಯೋಗಕ್ಕೆ ಬರಲೆಂಬ ಸದುದ್ದೇಶದಿಂದಲೇ ಈ ಸಾಲನ್ನು ಅಚ್ಚು ಹಾಕಿಸಿದ್ದೇವೆ. ಆದರೆ ಆ ಅಕ್ಷರಗಳ ಅರ್ಥವೇನು, ಅವು ಮಗುವಿಗೆ ಎಲ್ಲಿಂದ ಬಂದವು ಎಂಬುದನ್ನು ನಾವು ಮಕ್ಕಳಿಗಾಗಲಿ ಹೆತ್ತವರಿಗಾಗಲಿ ಸರಿಯಾಗಿ ತಿಳಿಸಿದವರಲ್ಲ. ಈ ಲೋಪವು ನಮ್ಮ ಗಮನಕ್ಕೆ ಬಂದದ್ದು ಕೆಲವು ವರ್ಷಗಳ ಹಿಂದೆ ನಡೆದ ಒಂದು ಚಿಕ್ಕ ಸಂಗತಿಯಿಂದ.

ಒಂದು ಮಧ್ಯಾಹ್ನ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ಎಂದೂ ಹೆಚ್ಚು ಮಾತನಾಡದ, ಪಾಠದಲ್ಲಿ ಚುರುಕಾದ ಹುಡುಗಿ. ಅತ್ತು ಮುಖ ಬಾಡಿತ್ತು. ಬಹಳ ಹೊತ್ತು ಸಂತೈಸಿ ಕೇಳಿದ ಮೇಲೆ ಸಂಗತಿಯನ್ನು ಹೇಳಿದಳು. ಅವಳ ತಂದೆಯ ರಕ್ತ ‘ಎ’ ಗುಂಪಿನದು, ತಾಯಿಯದು ‘ಬಿ’, ಅಣ್ಣನದೂ ‘ಬಿ’. ಇವಳದು ಮಾತ್ರ ‘ಓ’. ಮನೆಯಲ್ಲಿ ನಡೆದ ಒಂದು ಔತಣದ ದಿನ ನೆಂಟರೊಬ್ಬರು ಇವಳ ಚೀಟಿಯನ್ನು ನೋಡಿ, “ಅಣ್ಣನಿಗೆ ತಾಯಿಯ ರಕ್ತ ಬಂದಿದೆ, ಸರಿ; ಇವಳಿಗೆ ಯಾರದು ಬಂದಿತೋ!” ಎಂದು ನಗೆಯಾಡಿದರಂತೆ. ಎಲ್ಲರೂ ನಕ್ಕರು. ತಾಯಿಯು ಮಾತ್ರ ನಗದೆ ಅಡಿಗೆಯ ಮನೆಗೆ ಹೊರಟುಹೋದಳು. ಅಂದಿನಿಂದ ಮನೆಯಲ್ಲಿ ಮಾತುಕತೆಯೇ ಕಡಿಮೆಯಾಯಿತು. “ಟೀಚರ್, ನಾನು ನಮ್ಮ ಮನೆಯ ಮಗಳಲ್ಲವೇ? ನನ್ನನ್ನು ಎಲ್ಲಿಂದಲಾದರೂ ತಂದು ಸಾಕಿದರೇ?” ಎಂದು ಆ ಮಗು ನಮ್ಮನ್ನು ಕೇಳಿತು. ಆ ಪ್ರಶ್ನೆಯ ಹಿಂದೆ ಕೇಳಲಾರದ ಇನ್ನೊಂದು ಪ್ರಶ್ನೆಯೂ ಇದ್ದಿತೆಂಬುದನ್ನು ನಾವು ಬಲ್ಲೆವು, ವಾಚಕರೂ ಬಲ್ಲರು.

ಅಂದು ಆ ಹುಡುಗಿಗೆ ಒಂದು ಕಾಗದದ ಮೇಲೆ ಬರೆದು ತೋರಿಸಿದುದನ್ನೇ ಕೊಂಚ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ. ಇದನ್ನು ಓದಿದವರು ತಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಇಂಥ ಮಾತು ಎದ್ದಾಗ ಅದಕ್ಕೆ ತಕ್ಕ ಉತ್ತರವನ್ನು ಹೇಳಬಲ್ಲವರಾದರೆ ನಮ್ಮ ಶ್ರಮವು ಸಾರ್ಥಕವಾದಂತೆಯೇ ಸರಿ.

ಮೊದಲು ರಕ್ತದ ಗುಂಪೆಂದರೆ ಏನೆಂಬುದನ್ನು ತಿಳಿಯೋಣ. ನೂರಿಪ್ಪತ್ತೈದು ವರ್ಷಗಳ ಹಿಂದಿನವರೆಗೆ ಮನುಷ್ಯರೆಲ್ಲರ ರಕ್ತವೂ ಒಂದೇ ಎಂದು ವೈದ್ಯರು ಭಾವಿಸಿದ್ದರು. ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಟ್ಟಾಗ ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು. ಕಾರಣವು ಯಾರಿಗೂ ತಿಳಿದಿರಲಿಲ್ಲ. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿದ್ದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವೈದ್ಯನು ತನ್ನ ರಕ್ತವನ್ನೂ ತನ್ನ ಸಂಗಡ ಕೆಲಸಮಾಡುತ್ತಿದ್ದವರ ರಕ್ತವನ್ನೂ ತೆಗೆದು, ಒಬ್ಬರ ಕೆಂಪು ಕಣಗಳನ್ನು ಮತ್ತೊಬ್ಬರ ರಕ್ತದ ತಿಳಿಯೊಡನೆ ಬೆರೆಸಿ ನೋಡಿದನು. ಕೆಲವು ಕಡೆ ಕಣಗಳು ಹಾಗೆಯೇ ಇದ್ದವು. ಕೆಲವು ಕಡೆ ಹಾಲು ಒಡೆದಂತೆ ಗಂಟುಗಂಟಾದವು. ಇದರಿಂದ 1901ರಲ್ಲಿ ಅವನು ಮೂರು ಗುಂಪುಗಳನ್ನು ಗುರುತಿಸಿದನು. ನಾಲ್ಕನೆಯದಾದ ‘ಎಬಿ’ ಗುಂಪು ಮರುವರ್ಷ, 1902ರಲ್ಲಿ, ಅವನ ಸಂಗಡಿಗರಿಗೆ ಕಂಡುಬಂದಿತು. ಈ ಕಾರ್ಯಕ್ಕಾಗಿ ಲ್ಯಾಂಡ್‌ಸ್ಟೈನರನಿಗೆ 1930ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಈ ಭೇದಕ್ಕೆ ಕಾರಣವು ಕೆಂಪು ಕಣದ ಹೊರಮೈಯಲ್ಲಿದೆ. ಅಲ್ಲಿ ಸಕ್ಕರೆಯ ಜಾತಿಗೆ ಸೇರಿದ ಅತಿ ಸೂಕ್ಷ್ಮವಾದ ಸರಪಳಿಗಳಿರುತ್ತವೆ. ಆ ಸರಪಳಿಯ ತುದಿಗೆ ಒಂದು ಬಗೆಯ ಸಕ್ಕರೆಯು ಸೇರಿದರೆ ‘ಎ’ ಗುರುತು ಆಗುತ್ತದೆ. ಇನ್ನೊಂದು ಬಗೆಯದು ಸೇರಿದರೆ ‘ಬಿ’ ಗುರುತು ಆಗುತ್ತದೆ. ಎರಡೂ ಇದ್ದರೆ ಆ ರಕ್ತವು ‘ಎಬಿ’. ಎರಡೂ ಇಲ್ಲದೆ ಸರಪಳಿಯು ಬರಿದಾಗಿಯೇ ಉಳಿದರೆ ‘ಓ’. ಹೀಗೆ ‘ಓ’ ಎಂಬುದು ಒಂದು ಗುರುತಲ್ಲ, ಗುರುತುಗಳ ಅಭಾವವೇ ‘ಓ’ ಎಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಿಷಯವೆಲ್ಲ ಇದರ ಮೇಲೆಯೇ ನಿಂತಿದೆ. ಯಾರ ರಕ್ತದಲ್ಲಿ ಯಾವ ಗುರುತು ಇಲ್ಲವೋ ಅವರ ರಕ್ತದ ತಿಳಿಯಲ್ಲಿ ಆ ಗುರುತಿಗೆ ವಿರೋಧಿಯಾದ ಪ್ರತಿಕಾಯಗಳೆಂಬ ಕಾವಲುಗಾರರು ಇರುತ್ತಾರೆ. ಆದುದರಿಂದಲೇ ‘ಓ’ ಗುಂಪಿನ ರೋಗಿಗೆ ‘ಎ’ ಗುಂಪಿನ ರಕ್ತವನ್ನು ಕೊಟ್ಟರೆ ಪ್ರಾಣಾಪಾಯವಾಗುವುದು.

ಇನ್ನು ಈ ಗುರುತು ಮಗುವಿಗೆ ಬರುವ ಬಗೆಯನ್ನು ನೋಡೋಣ. ನಮ್ಮ ಮಾತಿನಲ್ಲಿ ‘ರಕ್ತಸಂಬಂಧ’ ಎನ್ನುತ್ತೇವೆ. ‘ರಕ್ತ ಹಂಚಿಕೊಂಡು ಹುಟ್ಟಿದವರು’ ಎನ್ನುತ್ತೇವೆ. ಮಗುವಿನ ಮೈಯಲ್ಲಿ ಹರಿಯುವುದು ತಂದೆಯ ರಕ್ತವೆಂದು ಕೆಲವರೂ, ಹೊತ್ತು ಹೆತ್ತ ತಾಯಿಯ ರಕ್ತವೆಂದು ಕೆಲವರೂ ನಂಬಿದ್ದಾರೆ. ಎರಡೂ ಸರಿಯಲ್ಲ. ಗರ್ಭದಲ್ಲಿರುವ ಶಿಶುವಿನ ರಕ್ತವೂ ತಾಯಿಯ ರಕ್ತವೂ ಮಾಸಿನ ಎರಡು ಪಕ್ಕಗಳಲ್ಲಿ ಬೇರೆ ಬೇರೆಯಾಗಿಯೇ ಹರಿಯುತ್ತವೆ. ಆಹಾರವೂ ಪ್ರಾಣವಾಯುವೂ ನಡುವಣ ತೆಳುವಾದ ಪೊರೆಯನ್ನು ದಾಟಿ ಹೋಗುತ್ತವೆಯೇ ಹೊರತು ರಕ್ತವು ಸಾಮಾನ್ಯವಾಗಿ ಬೆರೆಯುವುದಿಲ್ಲ. ಮಗುವು ತನ್ನ ರಕ್ತವನ್ನು ತಾನೇ ಉತ್ಪತ್ತಿಮಾಡಿಕೊಳ್ಳುತ್ತದೆ. ತಂದೆತಾಯಿಗಳಿಂದ ಅದಕ್ಕೆ ಬರುವುದು ರಕ್ತವಲ್ಲ. ರಕ್ತವನ್ನು ಹೇಗೆ ಮಾಡಬೇಕೆಂಬ ವಿಧಿ. ಈ ವಿಧಿಯನ್ನೇ ಶಾಸ್ತ್ರಜ್ಞರು ವಂಶವಾಹಿ ಎಂದು ಕರೆಯುತ್ತಾರೆ.

ರಕ್ತದ ಗುಂಪಿನ ವಂಶವಾಹಿಯು ಪ್ರತಿಯೊಬ್ಬ ಮನುಷ್ಯನಲ್ಲಿಯೂ ಎರಡು ಪಾಲಾಗಿ ಇರುತ್ತದೆ. ಒಂದು ಪಾಲು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಬಂದದ್ದು. ಆ ಮನುಷ್ಯನು ತಾನು ತಂದೆಯಾದಾಗ, ಅಥವಾ ಸ್ತ್ರೀಯು ತಾನು ತಾಯಿಯಾದಾಗ, ತನ್ನಲ್ಲಿರುವ ಎರಡು ಪಾಲುಗಳಲ್ಲಿ ಒಂದನ್ನು ಮಾತ್ರ ಮಗುವಿಗೆ ಕೊಡುತ್ತಾಳೆ. ಎರಡರಲ್ಲಿ ಯಾವುದು ಹೋಗುವುದೆಂಬುದು ಯಾರ ಇಚ್ಛೆಗೂ ಒಳಪಟ್ಟಿಲ್ಲ. ಪಾಲುಗಳು ಮೂರು ಬಗೆಯವು: ‘ಎ’, ‘ಬಿ’, ‘ಓ’. ಇವುಗಳಲ್ಲಿ ‘ಎ’ ಮತ್ತು ‘ಬಿ’ ಸಮಬಲವುಳ್ಳವು. ಎರಡೂ ಕೂಡಿದರೆ ಎರಡರ ಗುರುತೂ ಕಾಣುತ್ತದೆ. ‘ಓ’ ಪಾಲಾದರೋ ಯಾವ ಗುರುತನ್ನೂ ಮಾಡದ ಮೌನಿ. ಅದು ‘ಎ’ ಜೊತೆಯಲ್ಲಿದ್ದರೆ ರಕ್ತವು ‘ಎ’ ಎಂದೇ ತೋರುತ್ತದೆ. ‘ಬಿ’ ಜೊತೆಯಲ್ಲಿದ್ದರೆ ‘ಬಿ’ ಎಂದೇ ತೋರುತ್ತದೆ. ಎರಡು ಕಡೆಯಿಂದಲೂ ‘ಓ’ ಬಂದಾಗ ಮಾತ್ರ ಅದು ಹೊರಗೆ ಕಾಣಿಸಿಕೊಳ್ಳುತ್ತದೆ.

ಹೀಗಿರುವುದರಿಂದ, ಪರೀಕ್ಷೆಯಲ್ಲಿ ‘ಎ’ ಎಂದು ಬಂದವರೆಲ್ಲರೂ ಒಂದೇ ತೆರನಾದವರಲ್ಲ. ಕೆಲವರಲ್ಲಿ ಎರಡು ಪಾಲೂ ‘ಎ’ ಆಗಿರುತ್ತವೆ. ಕೆಲವರಲ್ಲಿ ಒಂದು ‘ಎ’, ಇನ್ನೊಂದು ಮರೆಯಲ್ಲಿರುವ ‘ಓ’. ‘ಬಿ’ ಗುಂಪಿನವರ ವಿಷಯವೂ ಹೀಗೆಯೇ. ಸಾಮಾನ್ಯ ಪರೀಕ್ಷೆಯಿಂದ ಈ ಭೇದವು ತಿಳಿಯದು. ದಕ್ಷಿಣ ಭಾರತದಲ್ಲಿ ‘ಓ’ ಗುಂಪಿನವರೇ ಎಲ್ಲರಿಗಿಂತ ಹೆಚ್ಚು. ಅಂದಮೇಲೆ ‘ಓ’ ಪಾಲು ನಮ್ಮ ಜನರಲ್ಲಿ ಹೇರಳವಾಗಿ ಹರಡಿದೆ. ಆದಕಾರಣ ನಮ್ಮ ಕಡೆಯ ‘ಎ’ ಅಥವಾ ‘ಬಿ’ ಗುಂಪಿನವರಲ್ಲಿ ಹೆಚ್ಚಿನವರು ಒಂದು ‘ಓ’ ಪಾಲನ್ನು ತಮಗರಿಯದೆಯೇ ಹೊತ್ತಿರುತ್ತಾರೆ.

ಇದನ್ನು ಮನೆಯಲ್ಲಿ ಮಕ್ಕಳಿಗೆ ತೋರಿಸಬೇಕೆಂದಿರುವ ತಾಯಂದಿರು ಹೀಗೆ ಮಾಡಬಹುದು. ಎರಡು ಕುಡಿಕೆಗಳನ್ನು ತೆಗೆದುಕೊಳ್ಳಿರಿ; ಒಂದು ತಂದೆಯದು, ಒಂದು ತಾಯಿಯದು. ಕೆಂಪು ಮಣಿಯು ‘ಎ’ ಪಾಲೆಂದೂ, ನೀಲಿಯ ಮಣಿಯು ‘ಬಿ’ ಪಾಲೆಂದೂ, ಬಿಳಿಯ ಮಣಿಯು ‘ಓ’ ಪಾಲೆಂದೂ ಗೊತ್ತುಮಾಡಿಕೊಳ್ಳಿರಿ. ತಂದೆಯ ಕುಡಿಕೆಯಲ್ಲಿ ಒಂದು ಕೆಂಪು, ಒಂದು ಬಿಳಿ. ತಾಯಿಯ ಕುಡಿಕೆಯಲ್ಲಿ ಒಂದು ನೀಲಿ, ಒಂದು ಬಿಳಿ ಇರಲಿ. ಮಗುವು ಕಣ್ಣು ಮುಚ್ಚಿ ಒಂದೊಂದು ಕುಡಿಕೆಯಿಂದ ಒಂದೊಂದು ಮಣಿಯನ್ನು ತೆಗೆಯಲಿ. ನಾಲ್ಕು ಬಗೆಯ ಜೋಡಿಗಳಷ್ಟೇ ಬರಬಲ್ಲವು. ಕೆಂಪು ನೀಲಿ ಬಂದರೆ ಮಗುವಿನದು ‘ಎಬಿ’. ಕೆಂಪು ಬಿಳಿ ಬಂದರೆ ‘ಎ’. ಬಿಳಿ ನೀಲಿ ಬಂದರೆ ‘ಬಿ’. ಬಿಳಿ ಬಿಳಿ ಬಂದರೆ ‘ಓ’. ಹೀಗೆ ‘ಎ’ ಗುಂಪಿನ ತಂದೆಗೂ ‘ಬಿ’ ಗುಂಪಿನ ತಾಯಿಗೂ ನಾಲ್ಕು ಗುಂಪಿನ ಮಕ್ಕಳೂ ಹುಟ್ಟಬಹುದು. ನಮ್ಮ ಆ ಹುಡುಗಿಯ ಅಣ್ಣನಿಗೆ ತಂದೆಯ ಬಿಳಿಯ ಮಣಿಯೂ ತಾಯಿಯ ನೀಲಿಯ ಮಣಿಯೂ ಬಂದವು. ಅವಳಿಗೆ ತಂದೆಯ ಬಿಳಿಯ ಮಣಿಯೂ ತಾಯಿಯ ಬಿಳಿಯ ಮಣಿಯೂ ಬಂದವು. ಇಬ್ಬರಿಗೂ ತಂದೆಯಿಂದ ದೊರೆತ ಪಾಲು ಒಂದೇ! ‘ಯಾರದು ಬಂದಿತೋ’ ಎಂಬ ಮಾತಿಗೆ ಉತ್ತರವೇನೆಂದರೆ, ಇಬ್ಬರದೂ ಸಮವಾಗಿ ಬಂದಿತು ಎಂಬುದೇ.

ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ನಾಲ್ಕರಲ್ಲಿ ಒಂದು ಪಾಲು ಎಂದರೆ ನಾಲ್ಕು ಮಕ್ಕಳು ಹುಟ್ಟಿದರೆ ಒಂದೊಂದು ಗುಂಪಿನದು ಒಂದೊಂದೇ ಮಗು ಎಂದರ್ಥವಲ್ಲ. ಪ್ರತಿ ಸಲವೂ ಮಣಿಗಳನ್ನು ಕುಡಿಕೆಗೆ ಮರಳಿ ಹಾಕಿಯೇ ತೆಗೆಯುವುದಷ್ಟೆ? ಹಾಗೆಯೇ ಪ್ರತಿಯೊಂದು ಮಗುವಿಗೂ ಲೆಕ್ಕವು ಹೊಸದಾಗಿ ಆರಂಭವಾಗುತ್ತದೆ. ಒಂದೇ ಮನೆಯಲ್ಲಿ ಮೂರು ಮಕ್ಕಳೂ ‘ಓ’ ಆಗಬಹುದು, ಒಬ್ಬರೂ ಆಗದಿರಲೂಬಹುದು.

ಮಣಿಗಳ ಈ ಲೆಕ್ಕದಿಂದ ಬರುವ ಫಲಗಳನ್ನು ವಾಚಕರ ಅನುಕೂಲಕ್ಕಾಗಿ ಇಲ್ಲಿ ಒಟ್ಟಿಗೆ ಕೊಟ್ಟಿದ್ದೇವೆ:

ಓ ಮತ್ತು ಓ: ಮಕ್ಕಳು ಓ ಮಾತ್ರ.
ಓ ಮತ್ತು ಎ: ಮಕ್ಕಳು ಎ ಅಥವಾ ಓ.
ಓ ಮತ್ತು ಬಿ: ಮಕ್ಕಳು ಬಿ ಅಥವಾ ಓ.
ಓ ಮತ್ತು ಎಬಿ: ಮಕ್ಕಳು ಎ ಅಥವಾ ಬಿ.
ಎ ಮತ್ತು ಎ: ಮಕ್ಕಳು ಎ ಅಥವಾ ಓ.
ಬಿ ಮತ್ತು ಬಿ: ಮಕ್ಕಳು ಬಿ ಅಥವಾ ಓ.
ಎ ಮತ್ತು ಬಿ: ಮಕ್ಕಳು ನಾಲ್ಕು ಗುಂಪುಗಳಲ್ಲಿ ಯಾವುದಾದರೂ.
ಎ ಮತ್ತು ಎಬಿ: ಮಕ್ಕಳು ಎ, ಬಿ ಅಥವಾ ಎಬಿ.
ಬಿ ಮತ್ತು ಎಬಿ: ಮಕ್ಕಳು ಎ, ಬಿ ಅಥವಾ ಎಬಿ.
ಎಬಿ ಮತ್ತು ಎಬಿ: ಮಕ್ಕಳು ಎ, ಬಿ ಅಥವಾ ಎಬಿ.

ನಾಲ್ಕನೆಯ ಸಾಲನ್ನು ವಾಚಕರು ಮತ್ತೊಮ್ಮೆ ನೋಡಬೇಕು. ಒಬ್ಬರು ‘ಓ’, ಮತ್ತೊಬ್ಬರು ‘ಎಬಿ’ ಆಗಿದ್ದಲ್ಲಿ ಅವರ ಮಕ್ಕಳು ಸಾಮಾನ್ಯವಾಗಿ ತಂದೆಯ ಗುಂಪಿನವರೂ ಆಗುವುದಿಲ್ಲ, ತಾಯಿಯ ಗುಂಪಿನವರೂ ಆಗುವುದಿಲ್ಲ. ಗುಂಪು ಬೇರೆಯಾಗಿರುವುದೇ ಅಲ್ಲಿ ನಿಯಮ! ಹೀಗಿರುವಲ್ಲಿ, ಮಗುವಿನ ಗುಂಪು ಹೆತ್ತವರ ಗುಂಪಿಗೆ ಹೊಂದಲಿಲ್ಲವೆಂದು ತಾಯಿಯ ಮೇಲೆ ಸಂಶಯಪಡುವುದು ಎಷ್ಟು ಅವಿವೇಕವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ನಿಯಮವನ್ನು ವಿದ್ವಾಂಸರೂ ಒಂದೇ ದಿನದಲ್ಲಿ ಕಂಡುಕೊಂಡವರಲ್ಲ. ಪಾಲುಗಳು ಜೋಡಿಯಾಗಿದ್ದು ಒಂದೊಂದಾಗಿ ಮುಂದಿನ ತಲೆಗೆ ಹೋಗುತ್ತವೆಂಬ ತತ್ತ್ವವನ್ನು ಬ್ರನ್ ಪಟ್ಟಣದ ಮಠವೊಂದರಲ್ಲಿದ್ದ ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿಯು ಬಟಾಣಿಯ ಗಿಡಗಳನ್ನು ವರ್ಷಗಟ್ಟಲೆ ಬೆಳೆಸಿ ಎಣಿಸಿ, 1866ರಲ್ಲಿ ಪ್ರಕಟಿಸಿದನು. ಅದು 1900ರವರೆಗೆ ಹೆಚ್ಚಾಗಿ ಯಾರ ಲಕ್ಷ್ಯಕ್ಕೂ ಬರಲಿಲ್ಲ. ರಕ್ತದ ಗುಂಪಿಗೂ ಅದೇ ತತ್ತ್ವವು ಅನ್ವಯಿಸುವುದೆಂದು 1910ರಲ್ಲಿ ತೋರಿಸಿಕೊಟ್ಟವರು ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ ಕೆಲಸಮಾಡುತ್ತಿದ್ದ ಎಮಿಲ್ ಫಾನ್ ಡುಂಗರ್ನ್ ಮತ್ತು ಲುಡ್ವಿಕ್ ಹಿರ್ಷ್‌ಫೆಲ್ಡ್ ಎಂಬವರು. ಅವರು ಅಲ್ಲಿಯ 72 ಕುಟುಂಬಗಳ ರಕ್ತವನ್ನು ಪರೀಕ್ಷಿಸಿದರು. ತಂದೆತಾಯಿಗಳಿಬ್ಬರಲ್ಲಿಯೂ ಇಲ್ಲದ ‘ಎ’ ಅಥವಾ ‘ಬಿ’ ಗುರುತು ಮಕ್ಕಳಲ್ಲಿ ಕಾಣುವುದಿಲ್ಲವೆಂಬುದು ಅವರಿಗೆ ಸ್ಪಷ್ಟವಾಯಿತು.

ಆದರೂ ಅವರ ಲೆಕ್ಕದಲ್ಲಿ ಒಂದು ತಪ್ಪು ಉಳಿದಿತ್ತು. ‘ಎ’ಗೆ ಒಂದು ಜೋಡಿ, ‘ಬಿ’ಗೆ ಬೇರೊಂದು ಜೋಡಿ ಎಂದು ಅವರು ಎಣಿಸಿದ್ದರು. ಆ ಲೆಕ್ಕದ ಪ್ರಕಾರ ‘ಎಬಿ’ ಗುಂಪಿನ ತಾಯಿಗೆ ‘ಓ’ ಗುಂಪಿನ ಮಗು ಹುಟ್ಟಬಹುದಾಗಿತ್ತು. ಗಟಿಂಗೆನ್ ನಗರದ ಗಣಿತಜ್ಞನಾದ ಫೆಲಿಕ್ಸ್ ಬರ್ನ್‌ಸ್ಟೈನ್ ಎಂಬವನು ನಾನಾ ದೇಶದ ಜನರಲ್ಲಿ ಯಾವ ಗುಂಪಿನವರು ಎಷ್ಟು ಮಂದಿ ಎಂಬ ಅಂಕಿಗಳನ್ನು ನೋಡಿ, ಆ ಎಣಿಕೆಯು ಹೊಂದುವುದಿಲ್ಲವೆಂದೂ, ಒಂದೇ ಸ್ಥಾನಕ್ಕೆ ‘ಎ’, ‘ಬಿ’, ‘ಓ’ ಎಂಬ ಮೂರು ಬಗೆಯ ಪಾಲುಗಳಿದ್ದರೆ ಮಾತ್ರ ಹೊಂದುವುದೆಂದೂ 1924ರಲ್ಲಿ ತೋರಿಸಿದನು. ಅವನು ಇದನ್ನು ಕಂಡದ್ದು ಲೆಕ್ಕದ ಬಲದಿಂದ. ಗಣಿತವು ಹೆಣ್ಣುಮಕ್ಕಳಿಗೆ ಏತಕ್ಕೆ ಎಂದು ಈಗಲೂ ಕೇಳುವ ಹೆತ್ತವರಿಗೆ ನಾವು ಈ ಸಂಗತಿಯನ್ನು ಹೇಳುವುದುಂಟು.

ಅಂಥ ಅಂಕಿಗಳಲ್ಲಿ ನಮ್ಮ ದೇಶದವರ ಪಾಲೂ ಇದ್ದಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗ್ರೀಸ್ ದೇಶದ ಸಲೋನಿಕಾ ಎಂಬಲ್ಲಿ ಹಲವು ದೇಶಗಳ ಸೈನಿಕರು ಕೂಡಿದ್ದರು. ಮೇಲೆ ಹೇಳಿದ ಹಿರ್ಷ್‌ಫೆಲ್ಡನೂ ವೈದ್ಯಳಾದ ಅವನ ಪತ್ನಿ ಹನ್ನಾಳೂ ಅಲ್ಲಿ ಅವರ ರಕ್ತವನ್ನು ಪರೀಕ್ಷಿಸಿ 1919ರಲ್ಲಿ ಫಲಗಳನ್ನು ಪ್ರಕಟಿಸಿದರು. ಯುರೋಪಿನ ಪಶ್ಚಿಮ ಭಾಗದವರಲ್ಲಿ ‘ಬಿ’ ಗುಂಪು ವಿರಳವಾಗಿಯೂ ಭಾರತೀಯ ಸಿಪಾಯಿಗಳಲ್ಲಿ ಹೇರಳವಾಗಿಯೂ ಕಂಡಿತು.

1990ರಲ್ಲಿ ಈ ವಂಶವಾಹಿಯ ಬರಹವನ್ನೇ ಶಾಸ್ತ್ರಜ್ಞರು ಓದಿದರು. ನಮ್ಮ ಜೀವಕೋಶಗಳಲ್ಲಿರುವ 23 ಜೋಡಿ ವರ್ಣತಂತುಗಳಲ್ಲಿ ಒಂಬತ್ತನೆಯದರ ಮೇಲೆ ಅದು ಇದೆ. ‘ಎ’ ಪಾಲೂ ‘ಬಿ’ ಪಾಲೂ ಸರಪಳಿಯ ತುದಿಗೆ ಸಕ್ಕರೆಯನ್ನು ಅಂಟಿಸುವ ಒಂದೊಂದು ಕಿಣ್ವವನ್ನು ಮಾಡುತ್ತವೆ. ಸಾಮಾನ್ಯವಾಗಿ ಕಂಡುಬರುವ ‘ಓ’ ಪಾಲಿನಲ್ಲಿಯೋ ಒಂದೇ ಒಂದು ಅಕ್ಷರವು ಬಿಟ್ಟುಹೋಗಿದೆ. ಈ ಬರಹವನ್ನು ಜೀವಕೋಶವು ಮೂರು ಮೂರು ಅಕ್ಷರಗಳಾಗಿ ಓದುತ್ತದೆ. ‘ವಿಮಲ ಮನೆಗೆ ಬರಲಿ’ ಎಂಬ ವಾಕ್ಯದಿಂದ ಎರಡನೆಯ ಅಕ್ಷರವನ್ನು ತೆಗೆದು, ಮೂರು ಮೂರಾಗಿಯೇ ಓದಿರಿ: ‘ವಿಲಮ ನೆಗೆಬ ರಲಿ’ ಎಂದಾಗುತ್ತದೆ. ಒಂದು ಅಕ್ಷರ ಹೋದುದರಿಂದ ಮುಂದಿನದೆಲ್ಲ ಅರ್ಥಹೀನವಾಯಿತು. ‘ಓ’ ಪಾಲು ಮೌನವಾಗಿರುವುದಕ್ಕೆ ಇದೇ ಕಾರಣ. ಹಾಗೆಂದು ‘ಓ’ ಗುಂಪಿನವರಿಗೆ ಇದರಿಂದ ಯಾವ ಕುಂದೂ ಇಲ್ಲ. ಲೋಕದಲ್ಲಿ ಕೋಟ್ಯನುಕೋಟಿ ಜನರು ಈ ಬಿಟ್ಟುಹೋದ ಅಕ್ಷರದೊಡನೆ ಆರೋಗ್ಯದಿಂದ ಬಾಳುತ್ತಿದ್ದಾರೆ.

ಚೀಟಿಯಲ್ಲಿ ಅಕ್ಷರದ ಮುಂದೆ ‘ಪಾಸಿಟಿವ್’ ಅಥವಾ ‘ನೆಗೆಟಿವ್’ ಎಂದು ಇರುವುದಷ್ಟೆ? ಅದು ಆರ್‌ಎಚ್ ಎಂಬ ಬೇರೊಂದು ಗುರುತು; ಅದರ ಪಾಲುಗಳೂ ಬೇರೆ. ಗುರುತನ್ನು ಮಾಡುವ ಪಾಲು ಒಂದಿದ್ದರೂ ರಕ್ತವು ಪಾಸಿಟಿವ್. ಎರಡೂ ಮೌನವಾಗಿದ್ದರೆ ನೆಗೆಟಿವ್. ಆದುದರಿಂದ ಪಾಸಿಟಿವ್ ಆದ ತಂದೆತಾಯಿಗಳಿಗೆ ನೆಗೆಟಿವ್ ಮಗು ಹುಟ್ಟುವುದರಲ್ಲಿಯೂ ಆಶ್ಚರ್ಯವಿಲ್ಲ. ಭಾರತದಲ್ಲಿ ನೆಗೆಟಿವ್ ಆದವರು ನೂರಕ್ಕೆ ಸುಮಾರು ಐದಾರು ಮಂದಿ. ಯುರೋಪಿನವರಲ್ಲಿ ಸುಮಾರು ಹದಿನೈದು ಮಂದಿ.

ಮದುವೆಯಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಲಕ್ಷ್ಯವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇವೆ. ತಾಯಿಯು ನೆಗೆಟಿವ್ ಆಗಿದ್ದು, ತಂದೆಯಿಂದ ಬಂದ ಪಾಲಿನಿಂದ ಮಗುವು ಪಾಸಿಟಿವ್ ಆಗಿದ್ದರೆ, ಹೆರಿಗೆಯ ಕಾಲದಲ್ಲಿ ಮಗುವಿನ ರಕ್ತದ ಕೆಲವು ತೊಟ್ಟುಗಳು ತಾಯಿಯ ರಕ್ತವನ್ನು ಸೇರಬಹುದು. ಆಗ ತಾಯಿಯ ದೇಹವು ಅದಕ್ಕೆ ವಿರೋಧಿಯಾದ ಪ್ರತಿಕಾಯಗಳನ್ನು ಮಾಡುತ್ತದೆ. ಮೊದಲನೆಯ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಮುಂದಿನ ಪಾಸಿಟಿವ್ ಮಗುವಿನ ರಕ್ತಕಣಗಳನ್ನು ಆ ಪ್ರತಿಕಾಯಗಳು ಗರ್ಭದಲ್ಲಿಯೇ ಒಡೆದು, ರಕ್ತಹೀನತೆಯನ್ನೂ ಕಾಮಾಲೆಯನ್ನೂ, ಕೆಲವೊಮ್ಮೆ ಮರಣವನ್ನೂ ಉಂಟುಮಾಡುತ್ತವೆ. ಹಿಂದಿನ ಕಾಲದಲ್ಲಿ ಮೊದಲ ಕೂಸು ಉಳಿದು, ಆಮೇಲಿನವು ಒಂದರ ಮೇಲೊಂದು ತೀರಿಹೋದಾಗ ‘ಇವಳ ಹೊಟ್ಟೆ ನಿಲ್ಲದು’ ಎಂದು ಸೊಸೆಯನ್ನು ಹಳಿದ ಮನೆಗಳಲ್ಲಿ ಕೆಲವಕ್ಕಾದರೂ ಕಾರಣವು ಇದೇ ಆಗಿದ್ದಿರಬಹುದು. 1968ರಿಂದ ಇದನ್ನು ತಡೆಯುವ ಆಂಟಿ-ಡಿ ಎಂಬ ಚುಚ್ಚುಮದ್ದು ಬಳಕೆಯಲ್ಲಿದೆ. ಪಾಸಿಟಿವ್ ಮಗು ಹುಟ್ಟಿದ 72 ಗಂಟೆಗಳೊಳಗೆ ಅದನ್ನು ತಾಯಿಗೆ ಕೊಡತಕ್ಕದ್ದು; ಏಳನೆಯ ತಿಂಗಳ ಸುಮಾರಿಗೆ ಒಮ್ಮೆ ಕೊಡುವುದೂ ರೂಢಿಯಲ್ಲಿದೆ. ಗರ್ಭಪಾತವಾದಲ್ಲಿಯೂ ವೈದ್ಯರನ್ನು ಈ ವಿಷಯವಾಗಿ ತಪ್ಪದೆ ಕೇಳಬೇಕು. ಗಂಡಹೆಂಡಿರ ಗುಂಪು ಬೇರೆಯೆಂದು ಮದುವೆಗೆ ಅಂಜಬೇಕಾಗಿಲ್ಲ. ಹೆಂಡತಿಯು ನೆಗೆಟಿವ್ ಎಂಬುದನ್ನು ಮೊದಲೇ ಅರಿತಿದ್ದರೆ ಸಾಕು.

ಇಷ್ಟರ ಮೇಲೆಯೂ ಒಂದು ಪ್ರಶ್ನೆಯು ಏಳಬಹುದು. ಮೇಲಿನ ಪಟ್ಟಿಯಲ್ಲಿ ಆಗದೆಂದಿರುವುದು ನಿಜವಾಗಿ ಆದರೆ? ಆಗಲಾದರೂ ಸಂಶಯಪಡಬಹುದಲ್ಲವೇ? ಇದಕ್ಕೆ ನಮ್ಮ ದೇಶದಲ್ಲಿಯೇ ದೊರೆತ ಉತ್ತರವುಂಟು. 1952ರಲ್ಲಿ ಬೊಂಬಾಯಿಯ ಡಾಕ್ಟರ್ ಭೇಂಡೆ ಎಂಬವರೂ ಅವರ ಸಂಗಡಿಗರೂ ಒಂದು ವಿಚಿತ್ರವಾದ ರಕ್ತವನ್ನು ಕಂಡು ಪ್ರಕಟಿಸಿದರು. ಸಾಮಾನ್ಯ ಪರೀಕ್ಷೆಯಲ್ಲಿ ಅದು ‘ಓ’ ಎಂದೇ ತೋರುತ್ತಿತ್ತು. ಆದರೆ ‘ಓ’ ಗುಂಪಿನ ರಕ್ತವೂ ಅದಕ್ಕೆ ಹೊಂದುತ್ತಿರಲಿಲ್ಲ. ನಾವು ಮೊದಲು ಹೇಳಿದ ಸರಪಳಿಗೆ ತಳಹದಿಯಾದ ‘ಎಚ್’ ಎಂಬ ಗುರುತೇ ಅಂಥವರಲ್ಲಿ ಇರುವುದಿಲ್ಲ. ಗೋಡೆಯೇ ಇಲ್ಲದಲ್ಲಿ ಚಿತ್ರವನ್ನೆಲ್ಲಿ ತೂಗಹಾಕುವುದು? ಅವರಲ್ಲಿ ‘ಎ’ ಅಥವಾ ‘ಬಿ’ ಪಾಲು ಇದ್ದರೂ ಅದರ ಗುರುತು ಹೊರಗೆ ಕಾಣದು. ಆದರೆ ಆ ಪಾಲನ್ನು ಅವರು ಮಕ್ಕಳಿಗೆ ಕೊಡಬಲ್ಲರು. ಮಗುವಿಗೆ ಇನ್ನೊಬ್ಬರಿಂದ ‘ಎಚ್’ ಮಾಡುವ ಪಾಲು ದೊರೆತಾಗ ಗುರುತು ಮತ್ತೆ ಪ್ರಕಟವಾಗುತ್ತದೆ. ಹೀಗೆ ಚೀಟಿಯಲ್ಲಿ ‘ಓ’ ಎಂದಿರುವ ತಾಯಿಗೆ ‘ಎಬಿ’ ಮಗುವೂ ಹುಟ್ಟಬಹುದು. ಇಬ್ಬರೂ ‘ಓ’ ಎಂದಿರುವ ಹೆತ್ತವರಿಗೆ ‘ಬಿ’ ಮಗುವೂ ಹುಟ್ಟಬಹುದು. ಇದಕ್ಕೆ ‘ಬಾಂಬೆ ಗುಂಪು’ ಎಂದೇ ಹೆಸರಾಯಿತು. ಭಾರತದಲ್ಲಿ ಸುಮಾರು 10,000 ಮಂದಿಯಲ್ಲಿ ಒಬ್ಬರು ಈ ಗುಂಪಿನವರೆಂದು ಹೇಳುತ್ತಾರೆ. ಇದು ಎರಡು ಕಡೆಯಿಂದಲೂ ಮೌನವಾದ ಪಾಲು ಬಂದಾಗ ಮಾತ್ರ ಆಗತಕ್ಕದ್ದಾದುದರಿಂದ, ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆತನಗಳಲ್ಲಿ ಇದರ ಸಂಭವವು ಹೆಚ್ಚು. ಅಂಥವರಿಗೆ ಬಾಂಬೆ ಗುಂಪಿನವರ ರಕ್ತವೇ ಆಗಬೇಕು. ತಮ್ಮ ಗುಂಪನ್ನು ಸರಿಯಾಗಿ ತಿಳಿದಿರುವುದು ಅವರಿಗೆ ಪ್ರಾಣದ ಪ್ರಶ್ನೆಯೇ ಸರಿ.

ಇದಲ್ಲದೆ ‘ಎ’ ಮತ್ತು ‘ಬಿ’ ಎರಡೂ ಒಂದೇ ಪಾಲಿನಲ್ಲಿ ಕೂಡಿಕೊಂಡು ಬರುವ ಅಪರೂಪದ ಕುಟುಂಬಗಳು ಜಪಾನ್, ಕೊರಿಯಾ ದೇಶಗಳಲ್ಲಿ ಕಂಡುಬಂದಿವೆ. ಎಲ್ಲಕ್ಕಿಂತ ಸಾಮಾನ್ಯವಾದ ಕಾರಣವಾದರೋ ಇನ್ನೂ ಸರಳವಾದುದು: ಚೀಟಿಯಲ್ಲಿ ಬರೆದುದೇ ತಪ್ಪಾಗಿರಬಹುದು. ಹುಟ್ಟಿದ ಕೂಸಿನ ಗುರುತುಗಳು ದುರ್ಬಲವಾಗಿರುತ್ತವೆ, ಅದರ ಪ್ರತಿಕಾಯಗಳು ಇನ್ನೂ ಬೆಳೆದಿರುವುದಿಲ್ಲ. ಆಗ ಮಾಡಿದ ಪರೀಕ್ಷೆಯನ್ನು ದೊಡ್ಡದಾದ ಮೇಲೆ ಮತ್ತೊಮ್ಮೆ ಮಾಡಿಸತಕ್ಕದ್ದು. ನಮ್ಮ ಶಾಲೆಯ ಚೀಟಿಗಳಲ್ಲಿಯೂ ಬರೆಯುವವರ ಕೈತಪ್ಪಿನಿಂದ ಅಕ್ಷರವು ಬದಲಾದದ್ದನ್ನು ನಾವೇ ಕಂಡಿದ್ದೇವೆ. ಆದಕಾರಣ ಗುರುತಿನ ಚೀಟಿಯನ್ನು ನಂಬಿ ಯಾವ ವೈದ್ಯರೂ ರಕ್ತವನ್ನು ಕೊಡುವುದಿಲ್ಲ, ಪುನಃ ಪರೀಕ್ಷಿಸಿಯೇ ಕೊಡುತ್ತಾರೆ. ವೈದ್ಯರೇ ನೆಚ್ಚದ ಚೀಟಿಯನ್ನು ನೆಚ್ಚಿ ಒಬ್ಬ ತಾಯಿಯ ಮಾನವನ್ನು ತೂಗುವುದು ನ್ಯಾಯವೇ? ಗುಂಪು ಹೊಂದಿದ ಮಾತ್ರಕ್ಕೆ ಸಂಬಂಧವು ಸಿದ್ಧವಾಗುವುದಿಲ್ಲ. ಹೊಂದದಂತೆ ತೋರಿದ ಮಾತ್ರಕ್ಕೆ ಸಂಬಂಧವು ಇಲ್ಲವಾಗುವುದೂ ಇಲ್ಲ.

ಆ ಹುಡುಗಿಯ ವಿಷಯವನ್ನು ಹೇಳಿ ಮುಗಿಸುತ್ತೇವೆ. ಅವಳು ನಾವು ಬರೆದುಕೊಟ್ಟ ಕಾಗದವನ್ನು ಮಡಿಸಿಕೊಂಡು ಮನೆಗೆ ಹೋದಳು. ಮುಂದಿನ ಹೆತ್ತವರ ಸಭೆಯ ದಿನ ಅವಳ ತಾಯಿಯು ಬಂದು ಕೊನೆಯವರೆಗೂ ಕಾದಿದ್ದು, ಎಲ್ಲರೂ ಹೋದಮೇಲೆ ನಮ್ಮ ಹತ್ತಿರ ಬಂದಳು. ಹೆಚ್ಚೇನೂ ಮಾತಾಡಲಿಲ್ಲ. “ಆ ಕಾಗದವನ್ನು ನಮ್ಮ ಯಜಮಾನರು ಓದಿ ಅತ್ತೆಯವರಿಗೂ ಓದಿ ಹೇಳಿದರು. ನನ್ನ ತಂಗಿಯ ಮನೆಯಲ್ಲಿಯೂ ಹೀಗೆಯೇ ಆಗಿದೆ; ಇನ್ನೊಂದು ಪ್ರತಿ ಬರೆದು ಕೊಡುವಿರಾ?” ಎಂದಷ್ಟೇ ಕೇಳಿದಳು. ಬರೆದುಕೊಟ್ಟೆವು. ಆ ಬಳಿಕ ಪ್ರತಿ ವರ್ಷ ಗುರುತಿನ ಚೀಟಿಯ ಜೊತೆಯಲ್ಲಿ ಒಂದು ಪುಟದ ವಿವರಣೆಯನ್ನೂ ಹುಡುಗಿಯರ ಕೈಯಲ್ಲಿ ಕಳುಹಿಸುತ್ತಿದ್ದೇವೆ.

ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ತಾಯಂದಿರಾಗಿಯೂ ಊರೂರುಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಆ ವಿವರಣೆಯನ್ನು ಇನ್ನೂ ನಾಲ್ಕು ಮನೆಗಳಿಗೆ ಮುಟ್ಟಿಸಲಿ ಎಂಬುದೇ ನಮ್ಮ ವಿಜ್ಞಾಪನೆ.